ಆರಲೊಲ್ಲದ ಗಣಕಯಂತ್ರ

ದೀಪವನ್ನು ಹೊತ್ತಿಸುವುದು ಎಷ್ಟು ಸುಲಭವೋ ಆರಿಸುವುದೂ ಅಷ್ಟೇ ಸುಲಭ. ಫ್ಯಾನಿಗೂ ಪಂಪ್‌ಸೆಟ್ಟಿಗೂ ಇದೇ ಮಾತು ಸಲ್ಲುತ್ತದೆ. ಸ್ವಿಚ್ಚನ್ನು ಒತ್ತಿದೊಡನೆ ವಿದ್ಯುತ್ತಿನ ಹಾದಿ ಕಡಿದು ಯಂತ್ರ ನಿಲ್ಲುತ್ತದೆ. ಆದರೆ ರೂಢಿಯಲ್ಲಿ ಕಂಪ್ಯೂಟರ್ ಎಂದು ಕರೆಯುವ ಗಣಕಯಂತ್ರದ ರೀತಿ ಬೇರೆ. ಅದನ್ನು ಆರಿಸಬೇಕಾದಾಗ ನಾವು ಸ್ವಿಚ್ಚಿಗೆ ಕೈ ಹಾಕುವುದಿಲ್ಲ. ತೆರೆಯ ಮೇಲೆ ಕಾಣುವ 'ಶಟ್‌ಡೌನ್' ಎಂಬ ಅಪ್ಪಣೆಯನ್ನು ಕೊಟ್ಟು ಸುಮ್ಮನಿರುತ್ತೇವೆ. ಕೆಲವು ಕ್ಷಣಗಳಲ್ಲಿ ಯಂತ್ರವು ತನ್ನಷ್ಟಕ್ಕೆ ತಾನೇ ಆರಿಹೋಗುತ್ತದೆ.

ಹಳೆಯ ಯಂತ್ರಗಳಲ್ಲಿ ಕೆಲವು ಹೀಗೆ ಆರುವುದಿಲ್ಲ. "ಇನ್ನು ಗಣಕಯಂತ್ರವನ್ನು ಆರಿಸಬಹುದು" ಎಂಬರ್ಥದ ಮಾತೊಂದು ತೆರೆಯ ಮೇಲೆ ಮೂಡಿ ಎಲ್ಲವೂ ಅಲ್ಲಿಗೇ ನಿಲ್ಲುತ್ತದೆ. ಇಲ್ಲವೆ ತೆರೆ ಕಪ್ಪಾದರೂ ಒಳಗಿನ ಫ್ಯಾನು ತಿರುಗುತ್ತಲೇ ಇರುತ್ತದೆ. ಅದೂ ಅಲ್ಲವಾದರೆ, ಆರಿದ ಯಂತ್ರ ಮರುಕ್ಷಣವೇ ಯಾರ ಅಪ್ಪಣೆಯೂ ಇಲ್ಲದೆ ಪುನಃ ಹೊತ್ತಿಕೊಳ್ಳುತ್ತದೆ. ಬೇಸತ್ತವರು ಗೋಡೆಯ ಸ್ವಿಚ್ಚನ್ನೇ ಆರಿಸಿಬಿಡುತ್ತಾರೆ. ಇನ್ನು ಕೆಲವರು ಯಂತ್ರವು ಕೆಟ್ಟಿತೆಂದು ಮೂಲೆಗೆ ಸೇರಿಸುತ್ತಾರೆ. ಎರಡೂ ಅವಸರದ ಕೆಲಸಗಳೇ. ಇಂತಹ ಯಂತ್ರಗಳಲ್ಲಿ ಬಹುಪಾಲಿನಲ್ಲಿ ಕೆಟ್ಟಿರುವುದು ಯಂತ್ರವಲ್ಲ. ಅಪ್ಪಣೆಯು ಸಾಗುವ ಹಾದಿಯಲ್ಲಿ ಎಲ್ಲೋ ಒಂದು ಕೊಂಡಿ ಕಳಚಿರುತ್ತದೆ. ಆ ಕೊಂಡಿಯನ್ನು ಕ್ರಮವಾಗಿ ಹುಡುಕುವುದು ಹೇಗೆಂಬುದನ್ನು ಈಗ ವಿಚಾರಿಸೋಣ.

ನಮ್ಮ ಊರುಗಳಿಗೆ ಯಂತ್ರ ಬಂದ ಕಾಲ

ಹಗರಿಯ ಬಯಲಿನ ಎರೆಭೂಮಿಯಲ್ಲಿರುವ ಮೋಕವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಇದು ಬಳ್ಳಾರಿ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಮೋಕ, ಸಿರುಗುಪ್ಪ, ಕುರುಗೋಡು ಮುಂತಾದ ಊರುಗಳ ಜನರಿಗೆ ಗಣಕಯಂತ್ರದ ಪರಿಚಯವಾದದ್ದು ಹೆಚ್ಚಾಗಿ ಈ ಶತಮಾನದ ಮೊದಲ ದಶಕದಲ್ಲಿ. 'ಭೂಮಿ' ಯೋಜನೆಯ ಮೂಲಕ ರೈತರ ಪಹಣಿಗಳು ತಾಲ್ಲೂಕು ಕಚೇರಿಯ ಗಣಕಯಂತ್ರವನ್ನು ಸೇರಿದ್ದು ಆ ದಶಕದ ಆರಂಭದಲ್ಲಿ. ಸರ್ಕಾರಿ ಪ್ರೌಢಶಾಲೆಗಳಿಗೆ ಗಣಕಯಂತ್ರಗಳನ್ನು ಒದಗಿಸಿದ 'ಮಾಹಿತಿ ಸಿಂಧು' ಯೋಜನೆಯೂ ಅದೇ ಕಾಲದ್ದು. ಅನಂತರ 'ನೆಮ್ಮದಿ' ಕೇಂದ್ರಗಳು ಹೋಬಳಿಗಳವರೆಗೂ ಬಂದವು. ಮದುವೆಯ ಕರೆಯೋಲೆಗಳನ್ನೂ ಅರ್ಜಿಗಳನ್ನೂ ಅಚ್ಚುಮಾಡಿಕೊಡುವ ಡಿಟಿಪಿ ಅಂಗಡಿಗಳು ಪೇಟೆಗಳಲ್ಲಿ ತಲೆಯೆತ್ತಿದವು.

ಈ ಕಾಲವನ್ನು ವಾಚಕರು ನೆನಪಿನಲ್ಲಿಡಬೇಕು. ಏಕೆಂದರೆ ಗಣಕಯಂತ್ರವನ್ನು ಆರಿಸುವ ವಿಧಾನವು ಹಳೆಯದರಿಂದ ಹೊಸದಕ್ಕೆ ಹೊರಳಿದ್ದು ಹೆಚ್ಚುಕಡಿಮೆ ಇದೇ ಅವಧಿಯಲ್ಲಿ. ಹೊರಳುವ ಹೊತ್ತಿನಲ್ಲಿ ತಯಾರಾದ ಯಂತ್ರಗಳಲ್ಲಿ ಅರ್ಧ ಹಳೆಯ ಪದ್ಧತಿ, ಅರ್ಧ ಹೊಸ ಪದ್ಧತಿ. ಆರಲೊಲ್ಲದ ಹಟ ಹೆಚ್ಚಾಗಿ ಇಂತಹವುಗಳದ್ದೇ.

ಕೈಯ ಸ್ವಿಚ್ಚು, ಅಪ್ಪಣೆಯ ಸ್ವಿಚ್ಚು

1984ರಲ್ಲಿ ಐಬಿಎಂ ಸಂಸ್ಥೆಯು 'ಎಟಿ' ಎಂಬ ಮಾದರಿಯ ಗಣಕಯಂತ್ರವನ್ನು ಹೊರತಂದಿತು. ಮುಂದೆ ಹತ್ತು ವರ್ಷಗಳಿಗೂ ಮಿಕ್ಕಿ ಇತರರು ತಯಾರಿಸಿದ ಯಂತ್ರಗಳೂ ಇದೇ ಮಾದರಿಯನ್ನು ಅನುಸರಿಸಿದವು. ಇವುಗಳ ಸ್ವಿಚ್ಚು ನಿಜವಾದ ಸ್ವಿಚ್ಚು. ಮನೆಯ 230 ವೋಲ್ಟ್ ವಿದ್ಯುತ್ತೇ ಅದರ ಮೂಲಕ ಹಾದುಹೋಗುತ್ತಿತ್ತು. ಒತ್ತಿದರೆ ಒಳಗೆ ಕಚ್ಚಿಕೊಂಡು ನಿಲ್ಲುವುದು. ಮತ್ತೊಮ್ಮೆ ಒತ್ತಿದರೆ ಹೊರಗೆ ಬರುವುದು. ಅದನ್ನು ಒತ್ತಲು ಮನುಷ್ಯನ ಬೆರಳೇ ಬೇಕಾಗಿತ್ತು. ಯಂತ್ರವು ತನ್ನನ್ನು ತಾನೇ ಆರಿಸಿಕೊಳ್ಳುವುದು ಸಾಧ್ಯವೇ ಇರಲಿಲ್ಲ.

1995ರಲ್ಲಿ ಇಂಟೆಲ್ ಸಂಸ್ಥೆಯು 'ಎಟಿಎಕ್ಸ್' ಎಂಬ ಹೊಸ ಮಾದರಿಯನ್ನು ಪ್ರಕಟಿಸಿತು. ಇದರಲ್ಲಿ ಸ್ವಿಚ್ಚಿನ ಸ್ವರೂಪವೇ ಬದಲಾಯಿತು. ಈಗಿನ ಗುಂಡಿಯನ್ನು ಒತ್ತಿ ಬಿಟ್ಟರೆ ಅದು ಕೂಡಲೇ ಹಿಂದಕ್ಕೆ ಪುಟಿಯುತ್ತದೆ. ಅದರಲ್ಲಿ 230 ವೋಲ್ಟ್ ಹರಿಯುವುದಿಲ್ಲ. ಅದು ಮದರ್‌ಬೋರ್ಡಿಗೆ ಒಂದು ಸೂಚನೆಯನ್ನು ಮಾತ್ರ ಕೊಡುತ್ತದೆ. ಮದರ್‌ಬೋರ್ಡು ಆ ಸೂಚನೆಯಂತೆ ಎಸ್‌ಎಂಪಿಎಸ್ ಎಂಬ ವಿದ್ಯುತ್ ಪೆಟ್ಟಿಗೆಗೆ ಅಪ್ಪಣೆ ಕೊಡುತ್ತದೆ.

ತುಂಗಭದ್ರಾ ಕಾಲುವೆಯ ನೀರನ್ನು ಕಂಡವರಿಗೆ ಇದು ಸುಲಭವಾಗಿ ತಿಳಿದೀತು. ತನ್ನ ಹೊಲದ ತೂಬನ್ನು ರೈತನು ತಾನೇ ಹೋಗಿ ಮುಚ್ಚುವುದು ಒಂದು ರೀತಿ. ದೊಡ್ಡ ಕಾಲುವೆಯ ತೂಬನ್ನು ಹಾಗೆ ಮುಚ್ಚಲಾಗದು. ಮೇಲಿನಿಂದ ಅಪ್ಪಣೆ ಬರಬೇಕು, ನೀರಗಂಟಿ ಅದನ್ನು ನಡೆಸಬೇಕು. ಎಟಿ ಮಾದರಿ ಮೊದಲನೆಯ ರೀತಿಯದು, ಎಟಿಎಕ್ಸ್ ಎರಡನೆಯದು. ಅಪ್ಪಣೆ ಬರುವ ತನಕ ನೀರಗಂಟಿ ಎಚ್ಚರವಾಗಿರಬೇಕಷ್ಟೆ. ಅಂತೆಯೇ ಎಟಿಎಕ್ಸ್ ಪೆಟ್ಟಿಗೆಯು ಯಂತ್ರ ಆರಿದ್ದಾಗಲೂ 5 ವೋಲ್ಟಿನ ಒಂದು ಸಣ್ಣ ಹರಿವನ್ನು ನೇರಳೆ ಬಣ್ಣದ ತಂತಿಯಲ್ಲಿ ಸದಾ ಕಾದಿರಿಸುತ್ತದೆ. ಗುಂಡಿಯನ್ನು ಒತ್ತಿದ್ದನ್ನು ಮದರ್‌ಬೋರ್ಡು ತಿಳಿಯುವುದು ಈ ಹರಿವಿನ ಬಲದಿಂದಲೇ.

ಅಪ್ಪಣೆ ಹೋಗುವುದು ಹಸಿರು ಬಣ್ಣದ ತಂತಿಯಲ್ಲಿ. ಅದರ ವೋಲ್ಟೇಜನ್ನು ಸೊನ್ನೆಯ ಹತ್ತಿರಕ್ಕೆ ಇಳಿಸಿ ಹಿಡಿದಿರುವಷ್ಟು ಹೊತ್ತು ಯಂತ್ರ ನಡೆಯುತ್ತದೆ. ಹಿಡಿತವನ್ನು ಬಿಟ್ಟರೆ ಅದು 5 ವೋಲ್ಟಿನತ್ತ ಏರುತ್ತದೆ, ಪೆಟ್ಟಿಗೆಯ ಮುಖ್ಯ ಹರಿವು ನಿಲ್ಲುತ್ತದೆ. ಗಣಕಯಂತ್ರ ಆರುವುದೆಂದರೆ ಕೊನೆಗೆ ಇಷ್ಟೆ: ಹಸಿರು ತಂತಿಯ ಹಿಡಿತ ಸಡಿಲವಾಗಬೇಕು.

ಥಟ್ಟನೆ ಆರಿಸಿದರೇನು?

ಇಷ್ಟು ಸುತ್ತುಬಳಸು ಏತಕ್ಕೆ, ಗೋಡೆಯ ಸ್ವಿಚ್ಚನ್ನು ಆರಿಸಿದರೆ ಸಾಲದೆ ಎಂದು ಕೇಳಬಹುದು. ಸಾಲದು. ನಾವು ಬರೆದ ಪತ್ರವನ್ನು ಉಳಿಸಿದೆವೆಂದು ತಿಳಿದೊಡನೆ ಅದು ಹಾರ್ಡ್ ಡಿಸ್ಕನ್ನು ಸೇರಿತೆಂದು ಹೇಳುವಂತಿಲ್ಲ. ಡಿಸ್ಕು ನಿಧಾನಿ, ಸ್ಮೃತಿಕೋಶ ಚುರುಕಿನದು. ಆದ್ದರಿಂದ ಬರೆಯಬೇಕಾದ ಅಂಶಗಳನ್ನು ಯಂತ್ರವು ಸ್ವಲ್ಪ ಹೊತ್ತು ಸ್ಮೃತಿಕೋಶದಲ್ಲೇ ಕೂಡಿಟ್ಟು ಬಿಡುವಾದಾಗ ಡಿಸ್ಕಿಗೆ ಇಳಿಸುತ್ತದೆ. ಸ್ಮೃತಿಕೋಶಕ್ಕೆ ವಿದ್ಯುತ್ತೇ ಪ್ರಾಣ. ಅದು ಕಡಿದರೆ ಅಲ್ಲಿದ್ದುದೆಲ್ಲ ಮಾಯ. ಯಾವ ಕಡತ ಡಿಸ್ಕಿನ ಯಾವ ಭಾಗದಲ್ಲಿದೆಯೆಂಬ ಪಟ್ಟಿಯನ್ನು ಬರೆಯುತ್ತಿರುವ ಹೊತ್ತಿನಲ್ಲಿ ವಿದ್ಯುತ್ತು ಹೋದರಂತೂ ಹೊಸ ಪತ್ರವೊಂದೇ ಅಲ್ಲ, ಹಿಂದಿನ ಕಡತಗಳೂ ಕೈತಪ್ಪಬಹುದು. ಡಿಟಿಪಿ ಅಂಗಡಿಯವನಿಗೆ ಅದು ಒಂದು ದಿನದ ದುಡಿಮೆ. ವಿದ್ಯಾರ್ಥಿಗೆ ಒಂದು ವರ್ಷದ ಪ್ರಾಜೆಕ್ಟು.

ಶಟ್‌ಡೌನ್ ಎಂಬುದು ಹೀಗೆ ಎರಡು ಕೆಲಸಗಳ ಜೋಡಿ. ಅಂಗಡಿಯ ಲೆಕ್ಕವನ್ನು ಮುಗಿಸುವುದು ಮೊದಲನೆಯದು, ಬಾಗಿಲಿಗೆ ಬೀಗ ಹಾಕುವುದು ಎರಡನೆಯದು. ವಿಂಡೋಸ್ 95 ಎಂಬ ಕಾರ್ಯವ್ಯವಸ್ಥೆಯು ಎಟಿ ಯಂತ್ರಗಳಲ್ಲಿ ಮೊದಲನೆಯದನ್ನು ತಾನು ಮುಗಿಸಿ, ಇನ್ನು ಆರಿಸಬಹುದೆಂದು ಕಿತ್ತಳೆ ಬಣ್ಣದ ಅಕ್ಷರಗಳಲ್ಲಿ ತಿಳಿಸಿ, ಎರಡನೆಯದನ್ನು ಮನುಷ್ಯನಿಗೆ ಬಿಡುತ್ತಿತ್ತು. ಆದಕಾರಣ ಯಂತ್ರದ ಗುಂಡಿಯು ಒಳಗೆ ಕಚ್ಚಿಕೊಳ್ಳುವ ಹಳೆಯ ಬಗೆಯದಾಗಿದ್ದರೆ ಚಿಕಿತ್ಸೆಯನ್ನು ಹುಡುಕಬೇಕಾಗಿಲ್ಲ. ಆ ಮಾತು ಮೂಡುವವರೆಗೆ ಕಾದು ಗುಂಡಿಯನ್ನು ಒತ್ತುವುದೇ ಅದರ ಧರ್ಮ.

ಎರಡು ಭಾಷೆಗಳು

ಎಟಿಎಕ್ಸ್ ಯಂತ್ರದಲ್ಲಿ ಬೀಗ ಹಾಕುವ ಕೆಲಸವೂ ಕಾರ್ಯವ್ಯವಸ್ಥೆಯದೇ. ಆದರೆ ಅದು ಮದರ್‌ಬೋರ್ಡಿಗೆ ಯಾವ ಭಾಷೆಯಲ್ಲಿ ಹೇಳಬೇಕು? ಇಲ್ಲಿ ಎರಡು ಭಾಷೆಗಳುಂಟು.

ಮೊದಲನೆಯದು ಎಪಿಎಂ. ಇದನ್ನು ಇಂಟೆಲ್ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳು 1992ರಲ್ಲಿ ರೂಪಿಸಿದವು. ಇದರಲ್ಲಿ ಯಜಮಾನಿಕೆ ಬಯೋಸ್ ಎಂಬ ಮೂಲ ತಂತ್ರಾಂಶದ್ದು. ಮದರ್‌ಬೋರ್ಡಿನ ಚಿಪ್ಪಿನಲ್ಲೇ ನೆಲೆಸಿರುವ ಈ ಬಯೋಸಿಗೆ ಕಾರ್ಯವ್ಯವಸ್ಥೆಯು ಒಂದು ಕರೆ ಕೊಟ್ಟು, "ಎಲ್ಲ ಭಾಗಗಳೂ 3ನೆಯ ಸ್ಥಿತಿಗೆ ಹೋಗಲಿ" ಎನ್ನುತ್ತದೆ. 3ನೆಯ ಸ್ಥಿತಿಯೆಂದರೆ ಆರಿದ ಸ್ಥಿತಿ. ಮುಂದಿನದನ್ನು ಬಯೋಸು ನೋಡಿಕೊಳ್ಳುತ್ತದೆ.

ಎರಡನೆಯದು ಎಸಿಪಿಐ. ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸಂಸ್ಥೆಗಳು ಇದನ್ನು 1996ರ ಡಿಸೆಂಬರಿನಲ್ಲಿ ಪ್ರಕಟಿಸಿದವು. ಇಲ್ಲಿ ಯಜಮಾನಿಕೆ ಕಾರ್ಯವ್ಯವಸ್ಥೆಗೇ ಸೇರಿತು. ಬಯೋಸು ಕೆಲವು ಕೋಷ್ಟಕಗಳನ್ನು ಒದಗಿಸುತ್ತದೆ, ಅಷ್ಟೆ. ಎಚ್ಚರದ ಸ್ಥಿತಿಗೆ ಎಸ್0 ಎಂದು ಹೆಸರು. ಪೂರ್ತಿ ಆರಿದ ಸ್ಥಿತಿಗೆ ಎಸ್5. ಎಸ್5ಕ್ಕೆ ಹೋಗಲು ಯಾವ ಸಂಖ್ಯೆಯನ್ನು ಬರೆಯಬೇಕೆಂದು ಕೋಷ್ಟಕದಲ್ಲಿ ನೋಡಿ, ಅದನ್ನು ಮದರ್‌ಬೋರ್ಡಿನ ನಿಯಂತ್ರಣ ರಿಜಿಸ್ಟರಿನಲ್ಲಿ ಕಾರ್ಯವ್ಯವಸ್ಥೆಯೇ ಬರೆಯುತ್ತದೆ. ಕೂಡಲೇ ಹಸಿರು ತಂತಿಯ ಹಿಡಿತ ಸಡಿಲವಾಗುತ್ತದೆ.

ತೊಡಕು ಹುಟ್ಟುವುದು ಇಲ್ಲಿಯೇ. ಸುಮಾರು 1997ರಿಂದ 2002ರವರೆಗಿನ ಯಂತ್ರಗಳಲ್ಲಿ ಎರಡು ಭಾಷೆಗಳೂ ಬೆರೆತಿದ್ದುವು. ಕೆಲವು ಬಯೋಸುಗಳ ಎಸಿಪಿಐ ಕೋಷ್ಟಕಗಳಲ್ಲಿ ತಪ್ಪುಗಳಿದ್ದುವು. ಅದರಿಂದ ಕಾರ್ಯವ್ಯವಸ್ಥೆಗಳನ್ನು ಬರೆದವರು ಹಳೆಯ ಬಯೋಸುಗಳನ್ನು ನಂಬಬಾರದೆಂದು ನಿಶ್ಚಯಿಸಿದರು. ಲಿನಕ್ಸಿನ 32 ಬಿಟ್ ಕರ್ನಲ್‌ಗಳಲ್ಲಿ ಬಹುಕಾಲ 2001ಕ್ಕಿಂತ ಹಿಂದಿನ ತಾರೀಖಿನ ಬಯೋಸಿನೊಡನೆ ಎಸಿಪಿಐ ಭಾಷೆಯನ್ನು ಆಡದಿರುವ ನಿಯಮವಿತ್ತು. ಒಬ್ಬನಿಗೆ ತಿಳಿದ ಭಾಷೆಯನ್ನು ಇನ್ನೊಬ್ಬನು ಆಡಲೊಲ್ಲನೆಂದ ಮೇಲೆ ಅಪ್ಪಣೆ ಮುಟ್ಟುವುದೆಂತು?

ನಾಲ್ಕು ಸೆಕೆಂಡಿನ ಪರೀಕ್ಷೆ

ಉದ್ದವಾದ ಹಾದಿಯಲ್ಲಿ ದೋಷವನ್ನು ಹುಡುಕುವವನು ಮೊದಲ ತುದಿಯಿಂದ ಒಂದೊಂದೇ ಹೆಜ್ಜೆ ಇಡಬೇಕಾಗಿಲ್ಲ. ನಡುವೆ ಒಂದೆಡೆ ಪರೀಕ್ಷಿಸಿದರೆ ಅರ್ಧ ಹಾದಿ ನಿರ್ದೋಷಿಯೆಂದು ಗೊತ್ತಾಗುತ್ತದೆ. ನೀರು ಹೊಲಕ್ಕೆ ಬಾರದಿದ್ದರೆ ಕಾಲುವೆಯ ನಡುವಿಗೆ ಹೋಗಿ ನೋಡುವ ಜಾಣತನವೇ ಇದು. ಗಣಕಯಂತ್ರದಲ್ಲಿ ಅಂತಹ ನಡುದಾಣವೊಂದು ಅದೃಷ್ಟವಶಾತ್ ನಮಗೆ ದೊರೆಯುತ್ತದೆ.

ಎಟಿಎಕ್ಸ್ ಯಂತ್ರದ ಗುಂಡಿಯನ್ನು ನಾಲ್ಕು ಸೆಕೆಂಡಿಗಿಂತ ಹೆಚ್ಚು ಹೊತ್ತು ಒತ್ತಿ ಹಿಡಿದರೆ, ಕಾರ್ಯವ್ಯವಸ್ಥೆಯನ್ನು ಕೇಳದೆಯೇ ಮದರ್‌ಬೋರ್ಡು ಹಸಿರು ತಂತಿಯನ್ನು ಸಡಿಲಿಸುತ್ತದೆ. ಬರೆಯುವ ಕೆಲಸವೆಲ್ಲ ಮುಗಿದು, ಡಿಸ್ಕಿನ ದೀಪ ಮಿಣುಕುವುದು ನಿಂತ ಮೇಲೆಯೇ ಈ ಪರೀಕ್ಷೆಯನ್ನು ಮಾಡಬೇಕು. ಯಂತ್ರ ಆರಿತೆನ್ನಿ. ಆಗ ಗುಂಡಿ, ಮದರ್‌ಬೋರ್ಡು, ಹಸಿರು ತಂತಿ, ಎಸ್‌ಎಂಪಿಎಸ್ ಇವೆಲ್ಲವೂ ಸರಿಯಾಗಿವೆ. ದೋಷವು ತಂತ್ರಾಂಶದ ಕಡೆಗಿದೆ, ಒಂದು ಕಾಸೂ ಇಲ್ಲದೆ ಸರಿಪಡಿಸುವುದು ಸಾಧ್ಯ. ಆರದಿದ್ದರೆ ದೋಷವು ಯಂತ್ರಾಂಗದ ಕಡೆಗೆ. ಯಂತ್ರವನ್ನು ಬಸ್ಸಿಗೆ ಹೇರಿ ಬಳ್ಳಾರಿಗೆ ಒಯ್ಯುವ ಮುನ್ನ ಇಷ್ಟನ್ನು ಮೋಕದಲ್ಲೇ ತಿಳಿದುಕೊಳ್ಳಬಹುದು.

ಲಕ್ಷಣವೂ ಚಿಕಿತ್ಸೆಯೂ

ದೋಷವು ತಂತ್ರಾಂಶದ್ದೆಂದು ಗೊತ್ತಾದ ಮೇಲೆ, ಯಂತ್ರವು ಯಾವ ಹಂತದಲ್ಲಿ ನಿಂತಿತೆಂಬುದನ್ನು ಗಮನಿಸಬೇಕು.

ಮೊದಲನೆಯ ಲಕ್ಷಣ: ಶಟ್‌ಡೌನ್ ಆಗುತ್ತಿದೆಯೆಂದು ತೋರಿಸುತ್ತ ಅಲ್ಲಿಯೇ ನಿಂತುಬಿಡುವುದು. ಇಲ್ಲಿ ಅಪ್ಪಣೆ ಹೊರಟೇ ಇಲ್ಲ, ಲೆಕ್ಕವೇ ಮುಗಿದಿಲ್ಲ. ಯಾವುದೋ ಪ್ರೋಗ್ರಾಮು ಅಥವಾ ಡ್ರೈವರು ಮುಚ್ಚಿಕೊಳ್ಳಲು ಒಪ್ಪುತ್ತಿಲ್ಲ. ಪ್ರಿಂಟರು, ಸ್ಕ್ಯಾನರು ಮೊದಲಾದವನ್ನು ಕಳಚಿ ನೋಡಬೇಕು. ಈಚೆಗೆ ಸೇರಿಸಿದ ಪ್ರೋಗ್ರಾಮನ್ನು ತೆಗೆದು ನೋಡಬೇಕು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸುವುದು ಇಲ್ಲಿಯ ನಿಯಮ. ವಿಂಡೋಸ್ 98ರ ಎರಡನೆಯ ಆವೃತ್ತಿಯಲ್ಲಿ ಬೇಗ ಆರಿಸುವುದಕ್ಕೆಂದು ಮಾಡಿದ ಏರ್ಪಾಡೇ ಕೆಲವು ಯಂತ್ರಗಳಲ್ಲಿ ತೊಡಕಾಗಿತ್ತು. ಎಂಎಸ್‌ಕಾನ್ಫಿಗ್ ಎಂಬ ಸಲಕರಣೆಯಲ್ಲಿ 'ಫಾಸ್ಟ್ ಶಟ್‌ಡೌನ್' ಬೇಡವೆಂದು ಗುರುತುಮಾಡಿದರೆ ಅದು ನೀಗುತ್ತದೆ.

ಎರಡನೆಯ ಲಕ್ಷಣ: ಇನ್ನು ಆರಿಸಬಹುದೆಂಬ ಮಾತು ಮೂಡಿ ನಿಲ್ಲುವುದು. ಲೆಕ್ಕ ಮುಗಿದಿದೆ, ಅಪ್ಪಣೆಯ ಭಾಷೆ ಮಾತ್ರ ತಪ್ಪಿದೆ. ವಿಂಡೋಸ್ ಎಕ್ಸ್‌ಪಿಯಲ್ಲಿ ಡಿವೈಸ್ ಮ್ಯಾನೇಜರನ್ನು ತೆರೆದು 'ಕಂಪ್ಯೂಟರ್' ಎಂಬಲ್ಲಿ ನೋಡಿದರೆ, ಎಸಿಪಿಐ ಎಂದೋ 'ಸ್ಟ್ಯಾಂಡರ್ಡ್ ಪಿಸಿ' ಎಂದೋ ಇರುತ್ತದೆ. ಎರಡನೆಯದಾಗಿದ್ದರೆ ಕಂಟ್ರೋಲ್ ಪ್ಯಾನೆಲ್ಲಿನ ಪವರ್ ಆಪ್ಷನ್ಸ್‌ನಲ್ಲಿ ಎಪಿಎಂ ಎಂಬ ಪುಟಕ್ಕೆ ಹೋಗಿ, ಅದನ್ನು ಬಳಸಲು ಒಪ್ಪಿಗೆಯ ಗುರುತು ಹಾಕಬೇಕು. ಆ ಪುಟವೇ ಕಾಣದಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಅಡಗಿರುವ ಸಾಧನಗಳನ್ನು ತೋರಿಸುವಂತೆ ಹೇಳಿ, 'ಎನ್‌ಟಿ ಎಪಿಎಂ' ಎಂಬುದನ್ನು ಚಾಲ್ತಿಗೆ ತರಬೇಕು. ಇಷ್ಟರಿಂದಲೇ ಎಷ್ಟೋ ಯಂತ್ರಗಳು ದಾರಿಗೆ ಬರುತ್ತವೆ. ಆದರೆ ಒಂದು ಎಚ್ಚರಿಕೆ: ಎಕ್ಸ್‌ಪಿಯನ್ನು ಸ್ಥಾಪಿಸಿದ ಮೇಲೆ ಬಯೋಸಿನಲ್ಲಿ ಎಸಿಪಿಐಯನ್ನು ಬದಲಿಸಬಾರದು. ಬದಲಿಸಿದರೆ ಯಂತ್ರ ಆರುವ ಮಾತಿರಲಿ, ಹೊತ್ತಿಕೊಳ್ಳುವುದೇ ಕಷ್ಟವಾದೀತು.

ಲಿನಕ್ಸಿನಲ್ಲಿ ಇದೇ ಲಕ್ಷಣ ಕಂಡರೆ, ಮೊದಲು ನಾವು ಕೊಟ್ಟ ಅಪ್ಪಣೆಯನ್ನು ನೋಡಬೇಕು. 'ಹಾಲ್ಟ್' ಎಂದರೆ ನಿಲ್ಲು ಎಂದಷ್ಟೇ ಅರ್ಥ. 'ಪವರ್‌ಆಫ್' ಎಂದರೆ ಆರು ಎಂದು. ಅಪ್ಪಣೆ ಸರಿಯಾಗಿದ್ದೂ ಆರದಿದ್ದರೆ, ಕರ್ನಲ್ ಆರಂಭವಾಗುವಾಗ 'ಎಸಿಪಿಐ=ಫೋರ್ಸ್' ಎಂಬ ಸೂಚನೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಸೇರಿಸಿದರೆ, ಹಳೆಯ ಬಯೋಸಿನೊಡನೆಯೂ ಅದು ಹೊಸ ಭಾಷೆಯನ್ನು ಆಡುತ್ತದೆ.

ಮೂರನೆಯ ಲಕ್ಷಣ: ತೆರೆ ಕಪ್ಪಾದರೂ ಫ್ಯಾನು ನಿಲ್ಲದಿರುವುದು. 2012ರಲ್ಲಿ ಬಂದ ವಿಂಡೋಸ್ 8ರಲ್ಲಿಯೂ ಅನಂತರದ ವಿಂಡೋಸ್ 10ರಲ್ಲಿಯೂ 'ಫಾಸ್ಟ್ ಸ್ಟಾರ್ಟಪ್' ಎಂಬ ಏರ್ಪಾಡುಂಟು. ಅದು ಯಂತ್ರವನ್ನು ಪೂರ್ತಿ ಆರಿಸದೆ, ಕಾರ್ಯವ್ಯವಸ್ಥೆಯ ತಿರುಳನ್ನು ಡಿಸ್ಕಿನಲ್ಲಿ ಹಾಗೆಯೇ ಬರೆದಿಟ್ಟು ಮಲಗಿಸುತ್ತದೆ. ಹಳೆಯ ಮದರ್‌ಬೋರ್ಡುಗಳಲ್ಲಿ ಕೆಲವಕ್ಕೆ ಇದು ಒಗ್ಗುವುದಿಲ್ಲ. ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದು ಶಟ್‌ಡೌನ್ ಕೊಟ್ಟರೆ ಯಂತ್ರವು ಪೂರ್ತಿಯಾಗಿ ಆರುವ ಹಾದಿಯನ್ನೇ ಹಿಡಿಯುತ್ತದೆ. ಹಾಗೆ ಮಾಡಿದಾಗ ಆರುವುದಾದರೆ ಪವರ್ ಆಪ್ಷನ್ಸ್‌ನಲ್ಲಿ ಈ ಏರ್ಪಾಡನ್ನು ತೆಗೆದುಹಾಕಿದರಾಯಿತು.

ನಾಲ್ಕನೆಯ ಲಕ್ಷಣ: ಆರಿದ ಯಂತ್ರ ಪುನಃ ಹೊತ್ತಿಕೊಳ್ಳುವುದು. ಇದಕ್ಕೆ ಮುಖ್ಯವಾಗಿ ಎರಡು ಕಾರಣಗಳು. ನೆಟ್‌ವರ್ಕ್ ತಂತಿ, ಕೀಲಿಮಣೆ, ಮೌಸು ಇವು ಯಂತ್ರವನ್ನು ಎಬ್ಬಿಸಬಲ್ಲವು. ನೇರಳೆ ತಂತಿಯ ಹರಿವು ಅವಕ್ಕೂ ಸಿಗುತ್ತದೆ. ಒಂದೊಂದನ್ನೇ ಕಳಚಿ ನೋಡಿ ಎಬ್ಬಿಸುವವರಾರೆಂದು ಪತ್ತೆಮಾಡಿ, ಬಯೋಸಿನಲ್ಲಿ ಅದರ ಅಧಿಕಾರವನ್ನು ಕಿತ್ತುಕೊಳ್ಳಬೇಕು. ಎರಡನೆಯದಾಗಿ, ಆರುವ ಹೊತ್ತಿನಲ್ಲಿ ದೊಡ್ಡ ತಪ್ಪು ಘಟಿಸಿದರೆ ಎಕ್ಸ್‌ಪಿಯು ಅದನ್ನು ತೋರಿಸದೆ ತಾನೇ ಮರುಪ್ರಾರಂಭವಾಗುತ್ತದೆ. 'ಸ್ಟಾರ್ಟಪ್ ಅಂಡ್ ರಿಕವರಿ' ಎಂಬಲ್ಲಿ ತಾನಾಗಿ ಮರುಪ್ರಾರಂಭವಾಗುವ ಗುರುತನ್ನು ತೆಗೆದರೆ, ನೀಲಿ ತೆರೆಯ ಮೇಲೆ ತಪ್ಪಿನ ಹೆಸರು ನಿಂತು ಕಾಣುತ್ತದೆ. ಹೆಸರು ತಿಳಿದ ರೋಗಕ್ಕೆ ಮದ್ದು ಹುಡುಕುವುದು ಸುಲಭ.

ಪೆಟ್ಟಿಗೆಯ ಒಳಗೆ

ದೋಷವು ಯಂತ್ರಾಂಗದ್ದಾದರೆ ಮೊದಲು ಧೂಳನ್ನು ಸಂಶಯಿಸಬೇಕು. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಬಳ್ಳಾರಿ ಸೀಮೆಯ ಬಿಸಿಲಿಗೂ ಎರೆಮಣ್ಣಿನ ನುಣುಪು ಧೂಳಿಗೂ ಸಿಕ್ಕಿದ ಗುಂಡಿಯು ಒಳಗೇ ಅಂಟಿಕೊಂಡು ನಿಲ್ಲಬಹುದು. ಎರಡನೆಯದು ಮದರ್‌ಬೋರ್ಡಿನ ಮೇಲಿರುವ ನಾಣ್ಯದಾಕಾರದ 3 ವೋಲ್ಟಿನ ಸೆಲ್ಲು. ಅದು ತೀರಿದರೆ ಯಂತ್ರಕ್ಕೆ ತಾರೀಖೇ ಮರೆತುಹೋಗುತ್ತದೆ. ಬಯೋಸಿನಲ್ಲಿ ನಾವು ಮಾಡಿದ ಏರ್ಪಾಡುಗಳೂ ಅಳಿಯುತ್ತವೆ. ನಿನ್ನೆ ಆರುತ್ತಿದ್ದ ಯಂತ್ರ ಇಂದು ಆರದಿದ್ದು, ಗಡಿಯಾರವೂ ತಪ್ಪು ತೋರಿಸುತ್ತಿದ್ದರೆ ಈ ಸೆಲ್ಲನ್ನು ಬದಲಿಸಿ ಬಯೋಸನ್ನು ಹಿಂದಿನಂತೆ ಹೊಂದಿಸಬೇಕು.

ಕೊನೆಯದಾಗಿ ಎಸ್‌ಎಂಪಿಎಸ್. ಪ್ಲಗ್ಗನ್ನು ಸಾಕೆಟ್ಟಿನಿಂದ ತೆಗೆದು, ಪೆಟ್ಟಿಗೆಯಿಂದ ಮದರ್‌ಬೋರ್ಡಿಗೂ ಡಿಸ್ಕಿಗೂ ಹೋಗುವ ತಂತಿಗಳನ್ನೆಲ್ಲ ಕಳಚಿ, ಅನಂತರ ಪ್ಲಗ್ಗು ಹಾಕಿ ನೋಡಬೇಕು. ಹಸಿರು ತಂತಿಯನ್ನು ಹಿಡಿಯುವವರಿಲ್ಲವಾದ್ದರಿಂದ ಪೆಟ್ಟಿಗೆಯ ಫ್ಯಾನು ತಿರುಗಬಾರದು. ತಿರುಗಿದರೆ ಪೆಟ್ಟಿಗೆಯೇ ಅಪರಾಧಿ. ಅದೊಂದನ್ನು ಬದಲಿಸಿದರೆ ಸಾಕು. ಪೆಟ್ಟಿಗೆಯನ್ನು ಮಾತ್ರ ಎಂದಿಗೂ ಬಿಚ್ಚಬಾರದು. 230 ವೋಲ್ಟ್ ಪರ್ಯಾಯ ವಿದ್ಯುತ್ತಿನ ಶಿಖರ ಬೆಲೆ 230ನ್ನು 1.414ರಿಂದ ಗುಣಿಸಿದಷ್ಟು, ಎಂದರೆ ಸುಮಾರು 325 ವೋಲ್ಟ್. ಒಳಗಿನ ಕೆಪಾಸಿಟರುಗಳು ಅಷ್ಟು ವಿದ್ಯುತ್ತನ್ನು ಪ್ಲಗ್ಗು ತೆಗೆದ ಮೇಲೂ ಕೆಲಹೊತ್ತು ಹಿಡಿದಿಟ್ಟುಕೊಂಡಿರುತ್ತವೆ. ಅದು ಪ್ರಾಣಾಪಾಯದ ಮಾತು. ವಿದ್ಯಾರ್ಥಿಗಳು ಕ್ಯಾಬಿನೆಟ್ಟನ್ನು ತೆರೆಯುವಾಗ ತಿಳಿದ ಹಿರಿಯರೊಬ್ಬರು ಜೊತೆಯಲ್ಲಿರಬೇಕು.

ಲಾಭದ ಲೆಕ್ಕ

ಆರದ ಯಂತ್ರವನ್ನು ಹಾಗೆಯೇ ಬಿಟ್ಟರೆ ನಷ್ಟವೆಷ್ಟು? ಶಾಲೆಯೊಂದರಲ್ಲಿ 10 ಯಂತ್ರಗಳಿವೆಯೆಂದೂ ಒಂದೊಂದೂ ಸುಮ್ಮನಿರುವಾಗ 60 ವ್ಯಾಟ್ ಬಳಸುತ್ತದೆಂದೂ ಇಟ್ಟುಕೊಳ್ಳೋಣ. ಸಂಜೆ 5ರಿಂದ ಬೆಳಗಿನ 9ರವರೆಗೆ 16 ಗಂಟೆ. ಒಂದು ರಾತ್ರಿಗೆ 9.6 ಯೂನಿಟ್, 25 ರಾತ್ರಿಗಳಿಗೆ 240 ಯೂನಿಟ್. ಯಾರೂ ನೋಡದ ಕಪ್ಪು ತೆರೆಗಳಿಗಾಗಿ ಕುಡತಿನಿಯಂತಹ ಶಾಖೋತ್ಪನ್ನ ಸ್ಥಾವರದಲ್ಲಿ ಅಷ್ಟರಮಟ್ಟಿಗೆ ಕಲ್ಲಿದ್ದಲು ಉರಿಯಬೇಕು. ಸರಿಯಾಗಿ ಆರಿದ ಯಂತ್ರವೂ ನೇರಳೆ ತಂತಿಗಾಗಿ 3 ವ್ಯಾಟ್ ಬಳಸುವುದಾದರೆ ವರ್ಷಕ್ಕೆ ಸುಮಾರು 26 ಯೂನಿಟ್ ಆಗುತ್ತದೆ. ಆದ್ದರಿಂದ ಯಂತ್ರ ಪೂರ್ತಿ ಆರಿದ ಮೇಲೆ ಗೋಡೆಯ ಸ್ವಿಚ್ಚನ್ನೂ ಆರಿಸುವುದು ಒಳ್ಳೆಯದು. ಮೊದಲು ಯಂತ್ರ, ಆಮೇಲೆ ಗೋಡೆ. ಈ ಕ್ರಮ ತಪ್ಪಬಾರದು.

ಹಳೆಯ ಯಂತ್ರವನ್ನು ದುರಸ್ತಿ ಮಾಡಿ ಇಟ್ಟುಕೊಳ್ಳುವವರು ಇನ್ನೊಂದನ್ನು ತಿಳಿದಿರಬೇಕು. ವಿಂಡೋಸ್ ಎಕ್ಸ್‌ಪಿಗೆ ರಕ್ಷಣೆಯ ತಿದ್ದುಪಡಿಗಳು ಬರುವುದು 2014ರ ಏಪ್ರಿಲ್ 8ರಂದು ನಿಂತಿತು. ಅಂತಹ ಯಂತ್ರದಲ್ಲಿ ಕನ್ನಡ ಬೆರಳಚ್ಚನ್ನು ಕಲಿಯಬಹುದು, ಲೆಕ್ಕ ಬರೆಯಬಹುದು, ಹಳೆಯ ಕಡತಗಳನ್ನು ತೆರೆಯಬಹುದು. ಇಂಟರ್ನೆಟ್ಟಿಗೆ ಜೋಡಿಸುವುದು ಮಾತ್ರ ಬೇಡ.

ಈ ಎಲ್ಲ ಪರೀಕ್ಷೆಗಳಲ್ಲಿ ನಾವು ಬಳಸಿದ ಉಪಕರಣಗಳು ಒಂದು ಬೆರಳು, ಒಂದು ಗಡಿಯಾರ, ಸ್ವಲ್ಪ ತಾಳ್ಮೆ. ಹಾದಿಯನ್ನು ತಿಳಿದು, ನಡುವಿನಲ್ಲಿ ಪರೀಕ್ಷಿಸಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಕಂಡದ್ದನ್ನು ಬರೆದಿಡುವವನಿಗೆ ಆರದ ಗಣಕಯಂತ್ರವೇ ಒಂದು ಪ್ರಯೋಗಶಾಲೆ. ಹೊತ್ತದ ದೀಪಕ್ಕೂ ನೀರೆತ್ತದ ಪಂಪಿಗೂ ಇದೇ ಕ್ರಮ ಸಲ್ಲುತ್ತದೆ. ಶಾಲೆಯ ಮೂಲೆಯಲ್ಲಿ ಬಟ್ಟೆ ಹೊದ್ದು ಕುಳಿತ ಯಂತ್ರವಿದ್ದರೆ, ಗುರುಗಳ ಅನುಮತಿ ಪಡೆದು, ಗುಂಡಿಯನ್ನು ಒತ್ತಿ ಹಿಡಿದು ನಾಲ್ಕು ಸೆಕೆಂಡು ಎಣಿಸಿ ನೋಡಿ.